ಸರಾಸರಿಯಲ್ಲಿ ಮರೆಯಾದ ರಾಯಚೂರು

ಒಕ್ಕೂಟ ವ್ಯವಸ್ಥೆಯಲ್ಲಿ ರಾಜ್ಯಗಳ ಪ್ರಾತಿನಿಧ್ಯದ ಮಾತು ಬಂದೊಡನೆ ಚರ್ಚೆಯು ಲೋಕಸಭಾ ಸ್ಥಾನಗಳ ಸುತ್ತಲೇ ತಿರುಗುವುದು ವಾಡಿಕೆ. 1976ರ 42ನೇ ತಿದ್ದುಪಡಿಯು ರಾಜ್ಯಗಳ ಸ್ಥಾನಸಂಖ್ಯೆಯನ್ನು 1971ರ ಜನಗಣತಿಗೆ ಸೀಮಿತಗೊಳಿಸಿತು. 2001ರ 84ನೇ ತಿದ್ದುಪಡಿಯು ಆ ನಿರ್ಬಂಧವನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ವಿಸ್ತರಿಸಿತು. ಜನಸಂಖ್ಯೆಯನ್ನು ಹತೋಟಿಯಲ್ಲಿಟ್ಟ ರಾಜ್ಯವು ಅದೇ ಕಾರಣಕ್ಕಾಗಿ ದನಿ ಕಳೆದುಕೊಳ್ಳಬಾರದೆಂಬ ವಾದದಲ್ಲಿ ನ್ಯಾಯವಿದೆ. ಆದರೆ ಚಂದ್ರಬಂಡದ ರೈತನಿಗೂ ರಾಯಚೂರಿನ ಜಿನ್ನಿಂಗ್ ಮಿಲ್ಲಿನ ಮಾಲೀಕನಿಗೂ ನೇರವಾಗಿ ತಟ್ಟುವ ತೀರ್ಮಾನಗಳು ಸಂಸತ್ತಿಗಿಂತ ಹೆಚ್ಚಾಗಿ ಜಿ.ಎಸ್.ಟಿ. ಮಂಡಳಿ ಮತ್ತು ಹಣಕಾಸು ಆಯೋಗದಲ್ಲಿ ರೂಪುಗೊಳ್ಳುತ್ತವೆ.

ಹತ್ತಿಯನ್ನೇ ನೋಡಬಹುದು. ರೈತನಿಂದ ಖರೀದಿಸಿದ ಕಚ್ಚಾ ಹತ್ತಿಯ ಮೇಲಿನ ತೆರಿಗೆಯನ್ನು ಖರೀದಿದಾರನೇ ಭರಿಸಬೇಕೆಂಬ ನಿಯಮವು 2017ರ ನವೆಂಬರಿನಲ್ಲಿ ಜಾರಿಗೆ ಬಂದಿತು. ಹಿಂದೆ ಕೇಂದ್ರ ಮಾರಾಟ ತೆರಿಗೆ ಕಾಯಿದೆಯ ಮಿತಿಗೊಳಪಟ್ಟಾದರೂ ಇಂಥ ವಿಷಯವನ್ನು ವಿಧಾನಸೌಧದಲ್ಲಿ ಚರ್ಚಿಸಲು ಅವಕಾಶವಿತ್ತು. ಈಗ ಮಂಡಳಿಯ ನಿರ್ಣಯಕ್ಕೆ ಮುಕ್ಕಾಲು ಪಾಲು ಮತತೂಕ ಬೇಕು. ಕೇಂದ್ರದ ತೂಕ ಮೂರನೇ ಒಂದು ಭಾಗ. ಎಲ್ಲ ರಾಜ್ಯಗಳೂ ಒಂದಾದರೂ ಕೇಂದ್ರದ ಸಮ್ಮತಿಯಿಲ್ಲದೆ ಒಂದು ದರವನ್ನೂ ಬದಲಿಸಲಾರವು. ಮಂಡಳಿಯ ಶಿಫಾರಸುಗಳು ಶಾಸಕಾಂಗಗಳನ್ನು ಬಂಧಿಸುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2022ರಲ್ಲಿ ಹೇಳಿತಾದರೂ, ಯಾವ ರಾಜ್ಯವೂ ಆ ಸ್ವಾತಂತ್ರ್ಯವನ್ನು ಬಳಸಿ ಏಕಾಂಗಿಯಾಗಲು ಇಚ್ಛಿಸದು.

ಹಣಕಾಸು ಆಯೋಗದ ವಿಷಯ ಇನ್ನೂ ಗಹನವಾದುದು. ಹಂಚಿಕೆಯಾಗುವ ಕೇಂದ್ರ ತೆರಿಗೆಗಳಲ್ಲಿ ಕರ್ನಾಟಕದ ಪಾಲು 14ನೇ ಆಯೋಗದಲ್ಲಿ ಶೇ. 4.713 ಇದ್ದುದು 15ನೇ ಆಯೋಗದಲ್ಲಿ ಶೇ. 3.647ಕ್ಕೆ ಕುಸಿಯಿತು. 2026-31ರ ಅವಧಿಗೆ 16ನೇ ಆಯೋಗವು ಅದನ್ನು ಶೇ. 4.131ಕ್ಕೆ ಏರಿಸಿದೆಯಾದರೂ ಹಳೆಯ ಮಟ್ಟ ಇನ್ನೂ ದೂರವಿದೆ. ಸೆಸ್ ಮತ್ತು ಸರ್‌ಚಾರ್ಜುಗಳು ಈ ಹಂಚಿಕೆಯ ಬುಟ್ಟಿಗೆ ಬೀಳುವುದೇ ಇಲ್ಲ.

ಕುಸಿತಕ್ಕೆ ಮುಖ್ಯ ಕಾರಣ ‘ಆದಾಯದ ಅಂತರ’ ಎಂಬ ಮಾನದಂಡ. ತಲಾದಾಯ ಕಡಿಮೆಯಿರುವ ರಾಜ್ಯಕ್ಕೆ ಹೆಚ್ಚು ಪಾಲು ನೀಡುವ ಈ ಮಾನದಂಡಕ್ಕೆ 15ನೇ ಆಯೋಗವು ಶೇ. 45ರ ತೂಕ ಕೊಟ್ಟಿತ್ತು. ಬೆಂಗಳೂರಿನ ಉದ್ಯಮ ವಲಯಗಳು ಇದನ್ನು ದುಡಿಯುವವನಿಗೆ ದಂಡವೆಂದು ಟೀಕಿಸುತ್ತವೆ. ಆ ಟೀಕೆಗೆ ರಾಯಚೂರಿನ ವರ್ತಕರು ಹಾಗೆಯೇ ದನಿಗೂಡಿಸುವುದು ಉಚಿತವಲ್ಲ. ಹಿಂದುಳಿದವರಿಗೆ ಹೆಚ್ಚು ಸಲ್ಲಬೇಕೆಂಬ ತತ್ವದ ಮೇಲೆಯೇ 371ಜೆ ವಿಧಿ ನಿಂತಿದೆ. 2012ರ 98ನೇ ತಿದ್ದುಪಡಿಯಿಂದ ದೊರೆತ ಆ ಹಕ್ಕನ್ನು ಬೆಂಗಳೂರಿನ ಮುಂದೆ ಚಲಾಯಿಸುತ್ತ, ಅದೇ ತತ್ವವನ್ನು ದೆಹಲಿಯ ಮುಂದೆ ಅಲ್ಲಗಳೆದರೆ ವಾದ ನಿಲ್ಲುವುದಿಲ್ಲ.

ದೋಷ ಇರುವುದು ತತ್ವದಲ್ಲಲ್ಲ, ಅಳತೆಯಲ್ಲಿ. ಆಯೋಗವು ರಾಜ್ಯವನ್ನು ಒಂದೇ ಘಟಕವೆಂದು ಪರಿಗಣಿಸುತ್ತದೆ. ಹತ್ತು ಶಾಖೆಗಳ ಕಂಪನಿಯೊಂದರ ಒಟ್ಟು ಅಢಾವೆ ಪತ್ರಿಕೆಯಲ್ಲಿ ಒಂದು ಶಾಖೆಯ ಭಾರಿ ಲಾಭವು ಉಳಿದವುಗಳ ನಷ್ಟವನ್ನು ಮುಚ್ಚಿಹಾಕುತ್ತದೆ; ಅನುಭವಿ ಲೆಕ್ಕಪರಿಶೋಧಕನು ಶಾಖಾವಾರು ಲೆಕ್ಕ ಕೇಳದೆ ಸಹಿ ಹಾಕಲಾರ. ಕರ್ನಾಟಕದ ಲೆಕ್ಕದಲ್ಲಿ ಬೆಂಗಳೂರು ಆ ಲಾಭದ ಶಾಖೆ. ಡಿ.ಎಂ. ನಂಜುಂಡಪ್ಪ ಸಮಿತಿಯು 2002ರಲ್ಲಿ ಅತ್ಯಂತ ಹಿಂದುಳಿದವೆಂದು ಗುರುತಿಸಿದ 39 ತಾಲೂಕುಗಳಲ್ಲಿ ದೇವದುರ್ಗ ಮತ್ತು ಮಾನ್ವಿ ಸೇರಿದ್ದವು. ದೆಹಲಿಯ ಸೂತ್ರದಲ್ಲಿ ದೇವದುರ್ಗದ ಕೂಲಿಕಾರನೂ ಬೆಂಗಳೂರಿನ ಸಾಫ್ಟ್‌ವೇರ್ ಎಂಜಿನಿಯರನೂ ಒಂದೇ ಸರಾಸರಿಯ ಪಾಲುದಾರರು. ಬಿಹಾರಕ್ಕೆ ಸಲ್ಲುವುದು ಸಲ್ಲಲಿ. ಆದರೆ ಬೆಂಗಳೂರಿನ ಸಂಪತ್ತಿನ ಹೆಸರಿನಲ್ಲಿ ದೇವದುರ್ಗದ ಪಾಲು ಕಡಿತವಾಗುವುದನ್ನು ಯಾವ ನ್ಯಾಯವೆನ್ನಬೇಕು?

ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಅನುದಾನ ಕೇಳಿದರಾಯಿತಲ್ಲ ಎನ್ನುವವರಿದ್ದಾರೆ. ಅನುದಾನ ಬೇರೆ, ಹಕ್ಕಿನ ಪಾಲು ಬೇರೆ. 2020-21ಕ್ಕೆ ಕರ್ನಾಟಕಕ್ಕೆ 5,495 ಕೋಟಿ ರೂಪಾಯಿ ವಿಶೇಷ ಅನುದಾನ ನೀಡಬೇಕೆಂದು 15ನೇ ಆಯೋಗವೇ ಶಿಫಾರಸು ಮಾಡಿತ್ತು. ಕೇಂದ್ರವು ಅದನ್ನು ಒಪ್ಪಲಿಲ್ಲ. ಸೂತ್ರದೊಳಗೆ ಬಂದದ್ದು ತಿಂಗಳು ತಿಂಗಳು ಖಜಾನೆಗೆ ಸೇರುತ್ತದೆ, ಹೊರಗೆ ಉಳಿದದ್ದು ಕೃಪೆಯಾಗುತ್ತದೆ.

ಆದ್ದರಿಂದ ರಾಜ್ಯದೊಳಗಿನ ಅಸಮತೆಯೂ ಸೂತ್ರದಲ್ಲಿ ಒಂದು ಮಾನದಂಡವಾಗಬೇಕೆಂಬ ಬೇಡಿಕೆಯನ್ನು ಈ ಭಾಗದ ವಾಣಿಜ್ಯೋದ್ಯಮ ಸಂಸ್ಥೆಗಳು ಮುಂದಿಡುವುದು ಲೇಸು. ಇದರಿಂದ ವಿದರ್ಭದಂಥ ಪ್ರದೇಶಗಳಿಗೂ ಲಾಭವಾಗುವುದರಿಂದ ಬೆಂಬಲಕ್ಕೆ ಕೊರತೆಯಾಗದು. ಜಿಲ್ಲಾವಾರು ಆದಾಯದ ಅಂಕಿಅಂಶಗಳು ರಾಜ್ಯದ ಆರ್ಥಿಕ ಸಮೀಕ್ಷೆಯಲ್ಲಿ ಪ್ರತಿವರ್ಷ ಪ್ರಕಟವಾಗುತ್ತವೆ. 17ನೇ ಆಯೋಗ ರಚನೆಯಾಗುವುದರೊಳಗೆ ಅವುಗಳನ್ನು ಕ್ರಮಬದ್ಧವಾಗಿ ಜೋಡಿಸಿ ಮನವಿ ಸಿದ್ಧಪಡಿಸಲು ಸಾಕಷ್ಟು ಕಾಲಾವಕಾಶವಿದೆ. ಅದೇ ಮನವಿಯ ಒಂದು ಪ್ರತಿ ರಾಜ್ಯ ಹಣಕಾಸು ಆಯೋಗಕ್ಕೂ ಸಲ್ಲಬೇಕು. ದೆಹಲಿಯಿಂದ ಬರುವ ಹೆಚ್ಚುವರಿ ಹಣದಲ್ಲಿ ಚಂದ್ರಬಂಡದ ಪಂಚಾಯಿತಿಗೆ ಎಷ್ಟು ತಲುಪುವುದೆಂಬ ಪ್ರಶ್ನೆಗೆ ವಿಧಾನಸೌಧವೂ ಉತ್ತರಿಸಬೇಕಾಗುತ್ತದೆ.