ಹರ್ಷದನಿಗೊಂದು ತಕ್ಕಡಿ, ತೆಲಗಿಗೊಂದು ತಕ್ಕಡಿ

ಸೂರ್ಯಾಸ್ತಕ್ಕೆ ಮುನ್ನವೇ ಊಟ ಮುಗಿಸುವ ಮನೆಗಳಲ್ಲಿ ಸಂಜೆಗಳು ದೀರ್ಘವಾಗಿರುತ್ತವೆ. ಹೊರನಾಡಿನಲ್ಲಿ ನೆಲೆಸಿರುವ ನಮ್ಮ ಕನ್ನಡ ಜೈನ ಕುಟುಂಬಗಳಲ್ಲಿ ಒಂದು ಕಾಲಕ್ಕೆ ಸ್ವಾಧ್ಯಾಯಕ್ಕೆ ಮೀಸಲಾಗಿದ್ದ ಆ ಹೊತ್ತನ್ನು ಈಗ ಒಟಿಟಿ ಸರಣಿಗಳು ಆಕ್ರಮಿಸಿಕೊಂಡಿವೆ. ಅದನ್ನು ದೂರುವ ಅಧಿಕಾರ ನನಗಿಲ್ಲ, ನಾನೂ ನೋಡುವವನೇ. ನನ್ನ ತಕರಾರಿರುವುದು ನೋಡಿದ ಮೇಲೆ ನಾವು ಕೊಡುತ್ತಿರುವ ತೀರ್ಪಿನ ಕುರಿತು.

ಇತ್ತೀಚೆಗೆ ಎರಡು ಸರಣಿಗಳನ್ನು ಬೆನ್ನುಬೆನ್ನಿಗೆ ಮತ್ತೊಮ್ಮೆ ನೋಡಿದೆ. ಒಂದು, 2020ರ ಅಕ್ಟೋಬರಿನಲ್ಲಿ ಸೋನಿ ಲಿವ್‌ನಲ್ಲಿ ಬಂದ ಹನ್ಸಲ್ ಮೆಹ್ತಾ ನಿರ್ದೇಶನದ ‘ಸ್ಕ್ಯಾಮ್ 1992’, ಹರ್ಷದ್ ಮೆಹ್ತಾನ ಕಥೆ. ಇನ್ನೊಂದು, 2023ರ ಸೆಪ್ಟೆಂಬರಿನಲ್ಲಿ ಅದೇ ವೇದಿಕೆಯಲ್ಲಿ ಬಂದ ‘ಸ್ಕ್ಯಾಮ್ 2003’, ಛಾಪಾಕಾಗದದ ಅಬ್ದುಲ್ ಕರೀಂ ತೆಲಗಿಯ ಕಥೆ. ಮೊದಲನೆಯದು ನಮ್ಮವರ ಮನೆಗಳಲ್ಲಿ ಎಷ್ಟು ಪ್ರೀತಿ ಗಳಿಸಿತೆಂದರೆ, ಅದರ ಶೀರ್ಷಿಕೆ ಸಂಗೀತ ಹುಡುಗರ ಫೋನುಗಳಲ್ಲಿ ಇಂದಿಗೂ ಮೊಳಗುತ್ತಿದೆ. ಸಮಾಜದ ಕೂಟಗಳಲ್ಲಿ ಹಿರಿಯರು ಕೂಡ ‘ಹರ್ಷದ್ ಭಾಯಿ’ ಎಂದೇ ಹೇಳುತ್ತಾರೆ. ಎರಡನೆಯದರ ಮಾತು ಬಂದರೆ ‘ಆ ತೆಲಗಿ, ಕಳ್ಳ’ ಎಂಬಲ್ಲಿಗೆ ಮಾತು ಮುಗಿಯುತ್ತದೆ. ಒಬ್ಬ ಭಾಯಿ, ಇನ್ನೊಬ್ಬ ಕಳ್ಳ. ಇಬ್ಬರ ಲೆಕ್ಕವನ್ನೂ ಓದಬಲ್ಲ ವೃತ್ತಿಯವನಾದ ನನಗೆ ಈ ವ್ಯತ್ಯಾಸದ ಆಧಾರ ಖಾತೆಯ ಪುಸ್ತಕಗಳಲ್ಲೆಲ್ಲೂ ಸಿಗುವುದಿಲ್ಲ.

ಹರ್ಷದ್ ಮಾಡಿದ್ದೇನು? ಷೇರುಗಳ ಬೆಲೆ ಏರಿಸಿದ ಎಂಬುದಷ್ಟೇ ಜನರ ನೆನಪಿನಲ್ಲಿದೆ. ಅದು ಮಾಳಿಗೆಯ ಮೇಲಿನ ದೀಪಾಲಂಕಾರ, ಕನ್ನ ಹಾಕಿದ್ದು ನೆಲಮಾಳಿಗೆಯಲ್ಲಿ. ಆಗ ಬ್ಯಾಂಕುಗಳು ಸರ್ಕಾರಿ ಋಣಪತ್ರಗಳನ್ನು ಕೆಲವು ದಿನಗಳ ಮಟ್ಟಿಗೆ ಒಂದು ಇನ್ನೊಂದಕ್ಕೆ ಮಾರಿ ಮರಳಿ ಕೊಳ್ಳುವ ಪರಿಪಾಠವಿತ್ತು. ನಡುವೆ ದಲ್ಲಾಳಿ. ಪತ್ರಗಳನ್ನು ಪ್ರತಿ ಸಲ ಸಾಗಿಸುವ ಬದಲು ‘ಪತ್ರ ನಮ್ಮಲ್ಲಿದೆ, ನಿಮ್ಮ ಹೆಸರಿನಲ್ಲಿ ಇರಿಸಿದ್ದೇವೆ’ ಎಂಬ ಅರ್ಥದ ಬ್ಯಾಂಕ್ ರಸೀದಿಯನ್ನು ಕೊಡುತ್ತಿದ್ದರು. ನಮ್ಮ ಅಜ್ಜಂದಿರ ಹುಂಡಿಯಂತೆಯೇ ಅದು ನಂಬಿಕೆಯ ಕಾಗದ. ಬ್ಯಾಂಕ್ ಆಫ್ ಕರಾಡ್ ಮತ್ತು ಮೆಟ್ರೊಪಾಲಿಟನ್ ಸಹಕಾರಿ ಬ್ಯಾಂಕುಗಳಿಂದ ಹಿಂದೆ ಯಾವ ಋಣಪತ್ರವೂ ಇಲ್ಲದ ರಸೀದಿಗಳು ಹೊರಬಂದವು. ಆ ಬರಿಯ ಕಾಗದದ ಮೇಲೆ ದೊಡ್ಡ ಬ್ಯಾಂಕುಗಳ ಹಣ ದಲ್ಲಾಳಿಯ ಖಾತೆಗೆ ಹರಿಯಿತು, ಅಲ್ಲಿಂದ ಷೇರುಪೇಟೆಗೆ. ಇನ್ನೂರು ರೂಪಾಯಿಯ ಎಸಿಸಿ ಷೇರು ಒಂಬತ್ತು ಸಾವಿರದ ಹತ್ತಿರ ಹೋದದ್ದು ಆ ಹಣದ ಬಲದಿಂದ. ಕಾಣೆಯಾದ ಮೊತ್ತವನ್ನು ರಿಸರ್ವ್ ಬ್ಯಾಂಕಿನ ಜಾನಕಿರಾಮನ್ ಸಮಿತಿ ಸುಮಾರು 4,000 ಕೋಟಿ ರೂಪಾಯಿ ಎಂದು ಲೆಕ್ಕ ಹಾಕಿತು. ಕೃಷ್ಣೆಯ ದಂಡೆಯ ಊರಿನ ಹೆಸರು ಹೊತ್ತಿದ್ದ ಆ ಕರಾಡ್ ಬ್ಯಾಂಕು ಮುಳುಗಿತು. ಸರಣಿಯಲ್ಲಿ ಈ ರಸೀದಿಗಳ ಪ್ರಸಂಗ ಚುರುಕಾದ ಸಂಗೀತದೊಂದಿಗೆ ಕೆಲವೇ ನಿಮಿಷಗಳಲ್ಲಿ ಹಾರಿಹೋಗುತ್ತದೆ. ಬಾಗಿಲು ಹಾಕಿದ ಬ್ಯಾಂಕಿನ ಮುಂದೆ ಪಾಸ್‌ಬುಕ್ ಹಿಡಿದು ನಿಂತವರ ಮುಖ ನಮ್ಮ ಮನಸ್ಸಿನಲ್ಲಿ ಉಳಿಯುವುದಿಲ್ಲ.

ತೆಲಗಿಯ ಕಥೆ ನನಗೆ ಇನ್ನೂ ಹತ್ತಿರದ್ದು. ನಾಸಿಕದ ಅಂಬಡ್ ಕೈಗಾರಿಕಾ ಪ್ರದೇಶದ ಸಣ್ಣ ಕಾರ್ಖಾನೆಗಳ ಲೆಕ್ಕ ನೋಡುವುದು ನನ್ನ ಕಸುಬು. (ಜಾಲ್ನಾ ಜಿಲ್ಲೆಯಲ್ಲಿ ಇನ್ನೊಂದು ಅಂಬಡ್ ಇದೆ, ಊರಿನಿಂದ ಬರುವ ನೆಂಟರು ಒಮ್ಮೆಯಾದರೂ ಗೊಂದಲಕ್ಕೆ ಬೀಳುತ್ತಾರೆ.) ಇಲ್ಲಿಂದ ಅರ್ಧ ತಾಸಿನ ದಾರಿಯಲ್ಲಿ, ನಾಸಿಕ ರೋಡಿನಲ್ಲಿ, ದೇಶದ ಛಾಪಾಕಾಗದ ಅಚ್ಚಾಗುತ್ತಿದ್ದ ಇಂಡಿಯಾ ಸೆಕ್ಯುರಿಟಿ ಪ್ರೆಸ್ ಇದೆ. ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ರೈಲಿನ ಪ್ರಯಾಣಿಕರಿಗೆ ಹಣ್ಣು ಮಾರಿ ಬೆಳೆದ ಹುಡುಗ 1994ರಲ್ಲಿ ಛಾಪಾಕಾಗದ ಮಾರಾಟದ ಪರವಾನಗಿ ಪಡೆದ. ಮುಂದೆ ಇದೇ ಮುದ್ರಣಾಲಯ ಗುಜರಿಗೆ ಹಾಕಿದ ಯಂತ್ರಗಳನ್ನು ಕೈವಶ ಮಾಡಿಕೊಂಡು ಮುಂಬೈಯಲ್ಲಿ ತಾನೇ ಅಚ್ಚು ಹಾಕತೊಡಗಿದ. ಅವನ ಗಿರಾಕಿಗಳು ಬಡವರಲ್ಲ. ಬ್ಯಾಂಕುಗಳು, ವಿಮಾ ಸಂಸ್ಥೆಗಳು, ಷೇರು ದಲ್ಲಾಳಿ ಕಂಪನಿಗಳು. ಅವನ ಹೆಸರಿನೊಂದಿಗೆ ಸದಾ ಅಂಟಿಕೊಂಡಿರುವ 30,000 ಕೋಟಿ ಎಂಬ ಅಂಕಿ ಸುದ್ದಿಮನೆಗಳಿಗೆ ಪ್ರಿಯವಾದದ್ದು. 2007ರಲ್ಲಿ ನ್ಯಾಯಾಲಯ 13 ವರ್ಷಗಳ ಶಿಕ್ಷೆಯೊಂದಿಗೆ ವಿಧಿಸಿದ ದಂಡ 202 ಕೋಟಿ. ಈ ಎರಡು ಅಂಕಿಗಳ ನಡುವಿನ ಅಂತರವನ್ನು ಲೆಕ್ಕ ಬಲ್ಲ ಓದುಗರು ಗಮನಿಸಬೇಕು. 2017ರಲ್ಲಿ, ಶಿಕ್ಷೆಯ ಅವಧಿಯಲ್ಲೇ, ಬೆಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡ.

ಇಬ್ಬರೂ ವಾಣಿಜ್ಯ ಪದವೀಧರರು. ಇಬ್ಬರೂ ಕಾಗದವನ್ನು ಹಣವಾಗಿಸಿದವರು. ಇಬ್ಬರಿಗೂ ಒಳಗಿನ ಅಧಿಕಾರಿಗಳ ಕೈ ಬೇಕಾಯಿತು. ಹರ್ಷದ್‌ಗೂ ಶಿಕ್ಷೆಯಾಗಿದೆ. ಮಾರುತಿ ಉದ್ಯೋಗದ ಸುಮಾರು 38 ಕೋಟಿ ರೂಪಾಯಿಯ ಪ್ರಕರಣದಲ್ಲಿ 1999ರಲ್ಲಿ ಐದು ವರ್ಷಗಳ ಸಜೆ ವಿಧಿಸಲಾಯಿತೆಂಬುದನ್ನು ಅವನ ಅಭಿಮಾನಿಗಳು ನೆನಪಿಟ್ಟಂತಿಲ್ಲ.

ನಮ್ಮ ಶಾಸ್ತ್ರ ಈ ವಿಷಯದಲ್ಲಿ ಅಸ್ಪಷ್ಟವಾಗಿದ್ದರೆ ಸುಮ್ಮನಿರಬಹುದಿತ್ತು. ಪ್ರತಿ ದಶಲಕ್ಷಣ ಪರ್ವದಲ್ಲಿ ನಾವು ಪಾರಾಯಣ ಮಾಡುವ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಗೃಹಸ್ಥನ ಅಣುವ್ರತಗಳ ಅತಿಚಾರಗಳನ್ನು ಹೆಸರಿಟ್ಟು ಹೇಳುತ್ತದೆ. ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆ ಒಂದು: ಇನ್ನೊಬ್ಬನು ಹೇಳದ್ದನ್ನು, ಮಾಡದ್ದನ್ನು ಅವನು ಹೇಳಿದನೆಂದು, ಮಾಡಿದನೆಂದು ವಂಚನೆಗಾಗಿ ಬರೆಯುವುದು. ಕರಾಡ್ ಬ್ಯಾಂಕಿನ ರಸೀದಿಗೆ ಇದಕ್ಕಿಂತ ಕರಾರುವಾಕ್ಕಾದ ವ್ಯಾಖ್ಯೆಯನ್ನು ಯಾವ ಸಮಿತಿಯೂ ಬರೆದಿಲ್ಲ. ನ್ಯಾಸಾಪಹಾರ ಇನ್ನೊಂದು, ಅಂದರೆ ಇಟ್ಟ ಠೇವಣಿಯನ್ನು ನುಂಗುವುದು. ಪೂಜ್ಯಪಾದರ ಸರ್ವಾರ್ಥಸಿದ್ಧಿಯಂತೂ, ಠೇವಣಿ ಇಟ್ಟವನು ಮರೆತು ಕಡಿಮೆ ಕೇಳಿದಾಗ ಹೌದೆಂದು ಒಪ್ಪಿಬಿಡುವುದನ್ನು ಕೂಡ ಇದರಲ್ಲಿ ಸೇರಿಸುತ್ತದೆ. ಇನ್ನು ಅಚೌರ್ಯಾಣುವ್ರತದ ಕೊನೆಯ ಅತಿಚಾರ ಪ್ರತಿರೂಪಕವ್ಯವಹಾರ, ನಕಲಿಯನ್ನು ಅಸಲಿಯೆಂದು ದಾಟಿಸುವುದು. ತೆಲಗಿಯ ಛಾಪಾಕಾಗದ ಅದೇ. ಒಂದೇ ಅಧ್ಯಾಯದಲ್ಲಿ, ಅಕ್ಕಪಕ್ಕದ ಸೂತ್ರಗಳಲ್ಲಿ ಇಬ್ಬರೂ ನಿಂತಿದ್ದಾರೆ. ಅದೇ ಪಟ್ಟಿಯ ಮೊದಲಿಗೆ ಸ್ತೇನಪ್ರಯೋಗವಿದೆ: ಕಳ್ಳನನ್ನು ಪ್ರೇರಿಸುವುದು ಮಾತ್ರವಲ್ಲ, ಹಾಗೆ ಪ್ರೇರಿತವಾದ ಕಳವಿಗೆ ಅನುಮೋದನೆ ಕೊಡುವುದೂ ಅದರಲ್ಲಿ ಬರುತ್ತದೆ ಎನ್ನುತ್ತಾರೆ ಪೂಜ್ಯಪಾದರು. ಟಿವಿಯ ಮುಂದೆ ಕುಳಿತು ತಟ್ಟುವ ಚಪ್ಪಾಳೆ ಆ ವ್ಯಾಪ್ತಿಗೆ ಬರುವುದೋ ಇಲ್ಲವೋ ಎಂಬುದನ್ನು ಪಂಡಿತರು ನಿರ್ಣಯಿಸಲಿ. ನೆರೆಮನೆಯ ಹುಡುಗನಿಗೆ ‘ನೀನೂ ಹರ್ಷದನಂತೆ ಧೈರ್ಯ ಮಾಡು’ ಎಂದು ಬೆನ್ನು ತಟ್ಟುವುದು ಖಂಡಿತ ಬರುತ್ತದೆ.

ಹಾಗಾದರೆ ತಕ್ಕಡಿ ಏಕೆ ವಾಲುತ್ತದೆ? ಹೇಳಲು ಕಹಿಯಾದರೂ ಉತ್ತರ ಎಲ್ಲರಿಗೂ ಗೊತ್ತಿದೆ. ಹರ್ಷದ್ ಗುಜರಾತಿನ ಜೈನ ಮನೆತನದವನು. ಮಧ್ಯಮವರ್ಗದ ವ್ಯಾಪಾರಿ ಕುಟುಂಬದ ಊಟದ ಮೇಜು, ತಾಯಿಯ ಆಶೀರ್ವಾದ, ತಮ್ಮನ ನಿಷ್ಠೆ, ಇವೆಲ್ಲ ನಮ್ಮ ಮನೆಯವೇ ಎನಿಸುತ್ತವೆ. ತೆಲಗಿ ನಮ್ಮದೇ ನಾಡಿನವನು, ನಮ್ಮದೇ ರೈಲುದಾರಿಯವನು. ಆದರೆ ಅವನ ಹೆಸರು ಅಬ್ದುಲ್ ಕರೀಂ. ಆತನ ಅಪರಾಧವನ್ನು ಅವನ ಸಮುದಾಯದ ಗುಣವೆಂದು ಆಡಿದ ಮಾತುಗಳನ್ನು ನಮ್ಮ ಸಮಾಜದ ಪಂಕ್ತಿಯಲ್ಲೇ ಕುಳಿತು ಕೇಳಿದ್ದೇನೆ. ಹರ್ಷದನ ಅಪರಾಧ ಜೈನರ ಗುಣವೆಂದು ಯಾರಾದರೂ ಆಡಿದ್ದರೆ ಅದೇ ಪಂಕ್ತಿ ಎದ್ದು ಮನವಿಪತ್ರ ಬರೆಯುತ್ತಿತ್ತು.

ಇಲ್ಲಿಯೇ ಅನೇಕಾಂತವನ್ನು ಎಳೆದು ತರುತ್ತಾರೆ. ‘ಸತ್ಯಕ್ಕೆ ಹಲವು ಮುಖ, ಹರ್ಷದನನ್ನು ಒಂದೇ ಕಡೆಯಿಂದ ನೋಡಬಾರದು, ವ್ಯವಸ್ಥೆಯೇ ಕೊಳೆತಿತ್ತು, ಅವನು ಬರಿಯ ಬಲಿಪಶು.’ ಒಳ್ಳೆಯದು. ಆ ಹಲವು ಮುಖಗಳಲ್ಲಿ ಒಂದನ್ನಾದರೂ ಖಾನಾಪುರದ ನಿಲ್ದಾಣದಲ್ಲಿ ಹಣ್ಣು ಮಾರುತ್ತಿದ್ದ ತಂದೆಯಿಲ್ಲದ ಹುಡುಗನಿಗೆ ಕೊಡುವಿರೇನು? ಅವನ ಕಾಲದ ವ್ಯವಸ್ಥೆ ಹರ್ಷದನ ಕಾಲಕ್ಕಿಂತ ಶುದ್ಧವಾಗಿತ್ತೇನು? ಆತನಿಗೆ ಕೊಡದ ಅನೇಕಾಂತ ಪಕ್ಷಪಾತದ ಸಭ್ಯ ಹೆಸರು. ‘ಹರ್ಷದನಿಂದ ಎಷ್ಟೋ ಮಂದಿ ಗಳಿಸಿದರು’ ಎಂಬ ವಾದವನ್ನೂ ಕೇಳಿದ್ದೇನೆ. 1992ರ ಏಪ್ರಿಲಿನ ತುದಿಯಲ್ಲಿ ಕೊಂಡವರನ್ನು ಕೇಳಿದರೆ ಅದರ ಉತ್ತರ ದೊರೆಯುತ್ತದೆ.

ಸರಣಿ ಮಾಡಿದವರ ಮೇಲೆ ನನಗೆ ದೂರಿಲ್ಲ. ನಿಷೇಧ, ಬಹಿಷ್ಕಾರಗಳ ಮಾತು ನನಗೆ ಬೇಡವೇ ಬೇಡ. ಪ್ರತೀಕ್ ಗಾಂಧಿಯ ಅಭಿನಯ ಅಪ್ಪಟ ಚಿನ್ನ. ಗಗನ್ ದೇವ್ ರಿಯಾರ್ ತೆಲಗಿಯ ಪಾತ್ರದಲ್ಲಿ ಅದಕ್ಕೆ ಸರಿಸಾಟಿ, ಸರಣಿ ಮಾತ್ರ ಎಳೆದಾಡುತ್ತದೆ. ಆದರೆ ಮೊದಲ ಸರಣಿಯನ್ನು ಇಷ್ಟು ಪ್ರೀತಿಯಿಂದ ನೋಡಿದವರಲ್ಲಿ ಎಷ್ಟು ಮಂದಿಗೆ ಅದು ಯಾರಿಂದ ಆರಂಭವಾಗುತ್ತದೆ ಎಂಬುದು ನೆನಪಿದೆ? ಸ್ಟೇಟ್ ಬ್ಯಾಂಕಿನ ಒಬ್ಬ ನೌಕರ ಅಂಜುತ್ತ ಪತ್ರಿಕಾ ಕಚೇರಿಗೆ ಬಂದು ಸುಚೇತಾ ದಲಾಲ್ ಅವರಿಗೆ ಲೆಕ್ಕ ತಾಳೆಯಾಗುತ್ತಿಲ್ಲವೆಂದು ಹೇಳುವ ದೃಶ್ಯ ಅದು. ಪಾತ್ರದ ಹೆಸರು ಶರದ್ ಬಳ್ಳಾರಿ. ನಮ್ಮ ನಾಡಿನ ಊರನ್ನೇ ಅಡ್ಡಹೆಸರಾಗಿ ಹೊತ್ತ ಆ ಮನುಷ್ಯನ ಚಿತ್ರ ಯಾವ ಹುಡುಗನ ಫೋನಿನಲ್ಲೂ ಇಲ್ಲ. ವ್ರತ ಪಾಲಿಸಿದವನು ಅವನೇ. ನನ್ನ ವೃತ್ತಿಬಾಂಧವರೂ ಇಲ್ಲಿ ತಲೆ ತಗ್ಗಿಸಬೇಕು: ರಸೀದಿಯ ಹಿಂದೆ ಋಣಪತ್ರವಿದೆಯೇ ಎಂದು ಕೇಳುವುದು ಲೆಕ್ಕ ಪರಿಶೋಧಕನ ಮೊದಲ ಪ್ರಶ್ನೆ.

ಆ ಪ್ರಶ್ನೆಯನ್ನು ನಾವು ಬಸದಿಯ ಆವರಣದಲ್ಲೂ ಕೇಳುತ್ತಿಲ್ಲ. ಪಂಚಕಲ್ಯಾಣದ ಸವಾಲುಗಳಲ್ಲಿ ಮೊದಲ ಅಭಿಷೇಕಕ್ಕೆ ಲಕ್ಷಗಳು ಕೂಗಲ್ಪಡುತ್ತವೆ. ಕೂಗಿದವನಿಗೆ ಪೇಟ, ಹಾರ, ಕಲ್ಲಿನಲ್ಲಿ ಹೆಸರು. ಆ ಹಣ ಬಂದದ್ದೆಲ್ಲಿಂದ, ಕೂಗಿದ್ದರಲ್ಲಿ ಜಮೆಯಾದದ್ದೆಷ್ಟು, ನಗದೆಷ್ಟು ಎಂದು ಕೇಳಿದವನು ಧರ್ಮದ್ರೋಹಿ. ಹರ್ಷದನ ಕಾರು, ಬಂಗಲೆಗಳಿಗೆ ಮರುಳಾಗುವ ಕಣ್ಣು ತರಬೇತಿ ಪಡೆದದ್ದು ಇಲ್ಲಿಯೇ ಎಂದು ನನಗೆ ಅನುಮಾನ. ಆದ್ದರಿಂದ ಹೊರನಾಡ ಜೈನ ಸಮಾಜಗಳ ಕಾರ್ಯಕಾರಿ ಮಂಡಳಿಗಳ ಮುಂದೆ ಎರಡು ಬೇಡಿಕೆಗಳನ್ನಿಡುತ್ತೇನೆ. ಬರುವ ದಶಲಕ್ಷಣದಲ್ಲಿ ಸವಾಲಿನ ಹಣವೆಲ್ಲ ಬ್ಯಾಂಕಿನ ಮೂಲಕವೇ ಬರಲಿ, ಪರಿಶೋಧಿತ ಲೆಕ್ಕಪತ್ರ ಅನಂತ ಚತುರ್ದಶಿಯ ಒಂದು ತಿಂಗಳೊಳಗೆ ಬಸದಿಯ ಫಲಕದ ಮೇಲಿರಲಿ. ಉತ್ತಮ ಸತ್ಯದ ದಿನ ಯುವಕರನ್ನು ಕೂರಿಸಿ ಶರದ್ ಬಳ್ಳಾರಿಯ ಆ ದೃಶ್ಯವನ್ನು ತೋರಿಸಿ, ಏಳನೆಯ ಅಧ್ಯಾಯವನ್ನು ಅರ್ಥಸಹಿತ ಓದಲಿ. ನಾಸಿಕದ ಸುತ್ತಮುತ್ತಲಿನ ಸಮಾಜಗಳು ಒಪ್ಪಿದರೆ ಪರಿಶೋಧನೆಯನ್ನು ಶುಲ್ಕವಿಲ್ಲದೆ ನಾನೇ ಮಾಡಿಕೊಡುತ್ತೇನೆ. ವೋಚರುಗಳನ್ನು ಮಾತ್ರ ಒಂದೊಂದಾಗಿ ಕೇಳುತ್ತೇನೆ.