ಸೊಪ್ಪು ಸೋಸುವವರು ಯಾರು?

ಒಳ್ಳೆಯ ಊಟದ ಬಗ್ಗೆ ನಮ್ಮಲ್ಲಿ ಸಲಹೆಗಳಿಗೆ ಬರವಿಲ್ಲ. ಸೊಪ್ಪು ತರಕಾರಿ ಹೆಚ್ಚು ತಿನ್ನಿ, ಉಪ್ಪು ಎಣ್ಣೆ ಕಡಿಮೆ ಮಾಡಿ, ಹೊರಗಿನ ತಿಂಡಿ ಬಿಡಿ, ದಿನಾ ನಡೆಯಿರಿ. ಇವುಗಳಲ್ಲಿ ಯಾವುದೂ ಸುಳ್ಳಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯೂ 2,000 ಕ್ಯಾಲೊರಿಯ ದಿನದೂಟಕ್ಕೆ 400 ಗ್ರಾಂ ತರಕಾರಿ ಇರಲಿ, ಧಾನ್ಯ 250 ಗ್ರಾಂ ಸಾಕು ಎನ್ನುತ್ತದೆ. ನಮ್ಮ ಬಹುಪಾಲು ತಟ್ಟೆಗಳಲ್ಲಿ ಅನ್ನದ ರಾಶಿ, ಪಕ್ಕದಲ್ಲಿ ಒಂದು ಚಮಚ ಪಲ್ಯ. ಇದೆಲ್ಲ ತಿಳಿದವರ ಮನೆಯಲ್ಲೂ ಊಟ ಬದಲಾಗುವುದಿಲ್ಲ. ನಾಲಿಗೆ ಚಪಲ ಎನ್ನುತ್ತಾರೆ, ಸೋಮಾರಿತನ ಎನ್ನುತ್ತಾರೆ. ನನಗೆ ಕಾಣುವ ಕಾರಣ ಬೇರೆ. ಸಲಹೆ ಕೊಡುವುದು ಉಣ್ಣುವವರಿಗೆ, ಅದರ ಕೆಲಸ ಬೀಳುವುದು ಅಡುಗೆ ಮಾಡುವವರ ಮೇಲೆ.

ಬಸ್ಸಾರನ್ನೇ ನೋಡಿ. ಹಳೆ ಮೈಸೂರು ಕಡೆಯ ಈ ಅಡುಗೆಯಲ್ಲಿ ಕಾಳು, ಸೊಪ್ಪು ಎರಡೂ ಇವೆ. ಎಣ್ಣೆ ಬರೀ ಒಗ್ಗರಣೆಯಷ್ಟು. ಬೇಯಿಸಿದ ನೀರನ್ನು ಚೆಲ್ಲುವುದಿಲ್ಲ. ಅದೇ ಸಾರಾಗುವುದರಿಂದ ನೀರಿಗೆ ಇಳಿದ ಫೋಲೇಟು, ಪೊಟ್ಯಾಸಿಯಂ ಹೊಟ್ಟೆಗೇ ಸೇರುತ್ತವೆ. ಜತೆಗೆ ಮುದ್ದೆಯಿದ್ದರೆ ರಾಗಿಯ ಸುಣ್ಣದಂಶವೂ ಸಿಕ್ಕಿತು. ಪೋಷಣೆಯ ಲೆಕ್ಕದಲ್ಲಿ ಇದಕ್ಕಿಂತ ಒಳ್ಳೆಯ ಊಟ ಹುಡುಕುವುದು ಕಷ್ಟ.

ಆದರೆ ಅದರ ಕೆಲಸವನ್ನೂ ನೋಡಬೇಕು. ಕಾಳು ಹಿಂದಿನ ರಾತ್ರಿಯೇ ನೆನೆಯಬೇಕು. ದಂಟಿನ ಸೊಪ್ಪೋ ಸಬ್ಬಸಿಗೆಯೋ ತಂದರೆ ಹಳದಿ ಎಲೆ, ಹುಳ ತಿಂದ ಎಲೆ ತೆಗೆದು, ಬಲಿತ ಕಡ್ಡಿ ಮುರಿದು, ಮಣ್ಣು ಹೋಗುವವರೆಗೆ ಮೂರು ನೀರಿನಲ್ಲಿ ತೊಳೆಯಬೇಕು. ಬೇಯಿಸಿ ಬಸಿದ ಮೇಲೆ ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಜೀರಿಗೆ ಹುರಿದು, ಕಾಯಿ ಹುಣಸೆ ಸೇರಿಸಿ, ಬೆಂದ ಕಾಳುಸೊಪ್ಪನ್ನೂ ಒಂದು ಹಿಡಿ ಹಾಕಿ ರುಬ್ಬಬೇಕು. ಬಸಿದ ನೀರಿಗೆ ಅದನ್ನು ಬೆರೆಸಿ ಕುದಿಸಬೇಕು, ಮಿಕ್ಕಿದ್ದಕ್ಕೆ ಒಗ್ಗರಣೆ ಕೊಟ್ಟು ಪಲ್ಯ ಮಾಡಬೇಕು. ಇನ್ನು ಮುದ್ದೆ ತಿರುವುವುದು, ಪಾತ್ರೆ ತೊಳೆಯುವುದು ಉಳಿದೇ ಇವೆ. ‘ಸೊಪ್ಪು ತಿನ್ನಿ’ ಎಂಬ ಎರಡು ಪದಗಳ ಹಿಂದೆ ಇಷ್ಟು ಹೊತ್ತು ಅಡಗಿದೆ.

ಆ ಹೊತ್ತು ಯಾರದ್ದು ಎಂಬುದಕ್ಕೆ ಸರ್ಕಾರದ ಅಂಕಿಅಂಶವೇ ಇದೆ. 2024ರ ಕಾಲಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ದಿನಕ್ಕೆ 289 ನಿಮಿಷ ಅದಕ್ಕೆ ಕೊಡುತ್ತಾರೆ, ಗಂಡಸರು 88 ನಿಮಿಷ. ಮನೆಗೆಲಸಕ್ಕೆ ಕೈಹಾಕುವ ಗಂಡಸರೇ ಕಡಿಮೆ ಎಂಬುದನ್ನೂ ಮರೆಯಬಾರದು. ವಾರಕ್ಕೆ 150 ನಿಮಿಷ ಚುರುಕಾಗಿ ನಡೆಯಿರಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೆಳಗ್ಗೆ ಪಾರ್ಕಿನಲ್ಲಿ ನಡೆದು ಬರುವ ಯಜಮಾನರಿಗೆ ಆ ಸಮಯ ಸಿಕ್ಕಿದ್ದು ತಿಂಡಿ ಇನ್ನೊಬ್ಬರು ಮಾಡುತ್ತಿದ್ದುದರಿಂದ. ಅವರು ನಡೆಯುವುದು ಒಳ್ಳೆಯದೇ. ಆದರೆ ಅವರ ಹೆಂಡತಿ ಎಷ್ಟು ಹೊತ್ತಿಗೆ ನಡೆಯಬೇಕು?

‘ಹಿಂದಿನವರು ಮನೆಯೂಟ ಉಂಡು ಗಟ್ಟಿಯಾಗಿದ್ದರು’ ಎಂಬ ಮಾತು ಇಲ್ಲಿ ಬಂದೇ ಬರುತ್ತದೆ. ಯಾರು ಗಟ್ಟಿಯಾಗಿದ್ದರು ಎಂದು ಕೇಳಿ ನೋಡಬೇಕು. ಎಲ್ಲರಿಗೂ ಬಡಿಸಿ ಕೊನೆಗೆ ಕೂತವಳಿಗೆ ಕಾಳು ಪಲ್ಯ ಮುಗಿದು ತಳದ ಸಾರಷ್ಟೇ ಉಳಿದಿರುತ್ತಿತ್ತು. ಅದು ಪೂರ್ತಿ ಹೋಗಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ 100ಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ. ಅದಕ್ಕೆ ಕಾರಣಗಳು ಹಲವು. ಕೊನೆಗೆ ಉಣ್ಣುವ ಪದ್ಧತಿಯಂತೂ ಅದನ್ನು ವಾಸಿ ಮಾಡುವುದಿಲ್ಲ. ಅಡುಗೆ ಮಾಡಿದವಳಿಗೇ ಕಬ್ಬಿಣದಂಶ ಸಿಗದ ಮನೆಯೂಟವನ್ನು ಆರೋಗ್ಯದ ಊಟ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಹಾಗೆಂದು ಮನೆಯಡುಗೆ ಬಿಟ್ಟು ಹೋಟೆಲಿನಿಂದ ತರಿಸಿ ಉಣ್ಣುವುದು ಪರಿಹಾರವಲ್ಲ. ಅಲ್ಲಿ ಉಪ್ಪು, ಎಣ್ಣೆಯ ಅಳತೆ ನಮ್ಮ ಕೈಯಲ್ಲಿರುವುದಿಲ್ಲ, ತಿಂಗಳ ಖರ್ಚೂ ಎಲ್ಲರೂ ನಿಭಾಯಿಸುವಂಥದ್ದಲ್ಲ. ಕೆಲಸ ಹಂಚಿಕೊಳ್ಳುವುದೇ ದಾರಿ. ಸೊಪ್ಪು ಸೋಸಲು ಕಲಿಯಬೇಕಾದ ವಿದ್ಯೆ ಏನೂ ಇಲ್ಲ. ಟಿವಿ ನೋಡುತ್ತಾ ಕೂತವರ ಮುಂದೆ ಒಂದು ಮೊರ, ಎರಡು ಕಟ್ಟು ಸೊಪ್ಪು ಇಟ್ಟರೆ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಕಾಳು ನೆನೆಹಾಕುವುದು ಹತ್ತು ವರ್ಷದ ಮಗುವಿಗೂ ಬರುತ್ತದೆ. ಬಿಡುವಿಲ್ಲದ ದಿನ ಬಸ್ಸಾರಿನ ಹಟ ಬೇಡ, ಸೊಪ್ಪು ಬೇಳೆ ಒಟ್ಟಿಗೆ ಕುಕ್ಕರಿಗೆ ಹಾಕಿ ಮಸೊಪ್ಪು ಮಾಡಿದರೂ ಪೋಷಣೆಗೆ ದೊಡ್ಡ ನಷ್ಟವಿಲ್ಲ. ತಟ್ಟೆಗೆ ನಿಂಬೆಹಣ್ಣು ಹಿಂಡಿಕೊಂಡರೆ ಸೊಪ್ಪಿನ ಕಬ್ಬಿಣದಂಶ ಮೈಗೆ ಹೆಚ್ಚು ಹತ್ತುತ್ತದೆ. ಊಟವಾದ ಕೂಡಲೇ ಕಾಫಿ ಟೀ ಕುಡಿದರೆ ಅದಕ್ಕೆ ಅಡ್ಡಿ. ಒಂದು ಗಂಟೆ ಬಿಟ್ಟು ಕುಡಿಯುವುದು ಮೇಲು. ಇವಕ್ಕೆ ಹೆಚ್ಚಿನ ದುಡಿಮೆ ಬೇಕಿಲ್ಲ, ಹಾಗಾಗಿಯೇ ಇವು ನಡೆಯುವ ಸಲಹೆಗಳು.

ಮನೆಯಲ್ಲಿ ಊಟದ ಕ್ರಮ ಬದಲಿಸಬೇಕೆಂದು ಹೊರಟವರು ಮೊದಲು ಯಾವ ಕೆಲಸ ಯಾರಿಗೆ ಎಂದು ಕೂತು ಮಾತಾಡಿ. ಉಣ್ಣುವಾಗ ಎಲ್ಲರೂ ಒಟ್ಟಿಗೆ ಕೂರಿ, ಅಡುಗೆ ಮಾಡಿದವರ ತಟ್ಟೆಗೂ ಪಲ್ಯ ಬಿದ್ದಿದೆಯೇ ನೋಡಿ.