ಕನಿಕರದ ಗಿರಾಕಿಗಳು

ಮಾತು, ನೋಟ, ಕಲಿಕೆಯ ದಾರಿ ಎಲ್ಲರಂತಲ್ಲದ ಮಕ್ಕಳನ್ನು ಹೆತ್ತ ಕೆಲವರು ಈಚೆಗೆ ಸಣ್ಣಪುಟ್ಟ ವ್ಯಾಪಾರಗಳಿಗೆ ಕೈಹಾಕುತ್ತಿದ್ದಾರೆ. ಹಪ್ಪಳವೋ ಹಣತೆಯೋ ಕಾಗದದ ಚೀಲವೋ, ಸರಕಿನೊಡನೆ ಒಂದು ಮಾತನ್ನೂ ಕಟ್ಟಿಕೊಡುತ್ತಾರೆ: ‘ನಮ್ಮ ಮಗುವನ್ನೂ ನಿಮ್ಮದೆಂದು ಕಾಣಿರಿ.’ ನಾವು ತಲೆದೂಗುತ್ತೇವೆ, ಎರಡು ಕಟ್ಟು ಹೆಚ್ಚಾಗಿಯೇ ಕೊಳ್ಳುತ್ತೇವೆ, ಪುಣ್ಯ ಬಂತೆಂದು ಮನೆಗೆ ನಡೆಯುತ್ತೇವೆ. ನನ್ನ ತಕರಾರು ಈ ಪುಣ್ಯದ ಮೇಲೆ.

ವ್ಯಾಪಾರದ ಮೇಲೆ ತಕರಾರಿಲ್ಲ. ದಾನದಲ್ಲಿ ಒಂದು ಕೈ ಮೇಲೆ, ಒಂದು ಕೈ ಕೆಳಗೆ; ಅಂಗಡಿಯಲ್ಲಿ ಎರಡೂ ಸಮ. ಡೆನ್ಮಾರ್ಕಿನ ಥೋರ್ಕಿಲ್ ಸೋನ ಎಂಬಾತ, ತನ್ನ ಮಗನಿಗೆ ಆಟಿಸಂ ಇದೆಯೆಂದು ತಿಳಿದ ಮೇಲೆ, 2004ರಲ್ಲಿ ‘ಸ್ಪೆಷಲಿಸ್ಟರ್ನ’ ಎಂಬ ಕಂಪನಿ ತೆರೆದು ಅಂಥವರಿಗೆ ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸ ಕೊಟ್ಟ. ಅವರಲ್ಲಿ ಹಲವರಿಗಿರುವ, ಸಣ್ಣ ತಪ್ಪನ್ನೂ ಬಿಡದ ಕಣ್ಣೇ ಅಲ್ಲಿ ಬಂಡವಾಳ. ನಮ್ಮ ಹುಬ್ಬಳ್ಳಿಯಲ್ಲಿ 2017ರಲ್ಲಿ ಅಲೀನಾ ಆಲಂ ಆರಂಭಿಸಿದ ಮಿಟ್ಟಿ ಕೆಫೆಯನ್ನು ನಡೆಸುವವರು ಅಂಗವಿಕಲರೇ. 2023ರಲ್ಲಿ ಅದರ ಶಾಖೆ ಸುಪ್ರೀಂ ಕೋರ್ಟಿನ ಆವರಣದಲ್ಲೂ ತೆರೆಯಿತು. ಸಂತೋಷ.

ಆದರೆ ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳ ಕಡೆಗೊಮ್ಮೆ ನೋಡೋಣ. ಕಬ್ಬು ಕಡಿಯುವವನ, ಆಲೆಮನೆಯ ಕೂಲಿಯವಳ ಮನೆಯಲ್ಲೂ ಇಂಥ ಮಗು ಹುಟ್ಟುತ್ತದೆ. ಮೈಸೂರಿನಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಮಾತು ಬಾರದ ಮಗುವನ್ನು ಪರೀಕ್ಷಿಸಿ ತರಬೇತಿ ಕೊಡುತ್ತಾರೆ. ಶ್ರೀರಂಗಪಟ್ಟಣದವರಿಗೆ ಅದು ಹತ್ತಿರದ ದಾರಿ. ನಾಗಮಂಗಲದ ಒಳಹಳ್ಳಿಯವರಿಗೆ ಹೋದಾಗಲೆಲ್ಲ ಒಂದು ದಿನದ ಕೂಲಿ ಖೋತಾ. ತರಬೇತಿಯೋ ತಿಂಗಳುಗಟ್ಟಲೆ ನಡೆಯಬೇಕಾದದ್ದು. ಇವರು ಅಂಗಡಿಯನ್ನು ಯಾವಾಗ ಇಟ್ಟಾರು, ಯಾವ ಹಣದಿಂದ ಇಟ್ಟಾರು? ಅಂಗಡಿಯಿಟ್ಟವರ ಮಗುವಿಗಷ್ಟೇ ಆದರವೆಂದಾದರೆ, ಇಡಲಾರದವರ ಮಗುವಿಗೆ ಅದಿಲ್ಲ. ಹಪ್ಪಳ ಒತ್ತುವುದು ಎಂದೆಂದಿಗೂ ಬಾರದ ಮಗುವಿಗಂತೂ ಇಲ್ಲವೇ ಇಲ್ಲ.

‘ಹಿಂದೆ ಇಂಥ ಮಕ್ಕಳೇ ಇರಲಿಲ್ಲವಲ್ಲ’ ಎನ್ನುವ ಹಿರಿಯರುಂಟು. ಇದ್ದರು, ಸ್ವಾಮಿ. ಪೆದ್ದು, ಮಂಕು, ಗಾಳಿ ಸೋಕಿದ್ದು ಎಂದು ಹೆಸರಿಟ್ಟು ಒಳಕೋಣೆಯಲ್ಲಿ ಇರಿಸಿದ್ದೆವು. 1995ರ ಕಾಯಿದೆ ಹೆಸರಿಸಿದ ಏಳು ಬಗೆಯ ಅಂಗವೈಕಲ್ಯಗಳಲ್ಲಿ ಆಟಿಸಂ ಇರಲಿಲ್ಲ. 2016ರ ಕಾಯಿದೆ 21 ಬಗೆಗಳನ್ನು ಹೆಸರಿಸಿತು. ಆಟಿಸಂ, ಕಲಿಕೆಯ ನ್ಯೂನತೆ ಎರಡೂ ಅದರಲ್ಲಿವೆ. ಸರ್ಕಾರದ ನೆರವನ್ನೋ ಮಾನ್ಯತೆಯನ್ನೋ ಪಡೆದ ಶಾಲೆಗಳು ಇಂಥ ಮಕ್ಕಳನ್ನು ಭೇದವೆಣಿಸದೆ ಸೇರಿಸಿಕೊಳ್ಳತಕ್ಕದ್ದೆಂದೂ ಅದು ವಿಧಿಸಿತು. ಹಕ್ಕೆಂದರೆ ಇದು. ಇದಕ್ಕೆ ಹಪ್ಪಳದ ಜಾಮೀನು ಬೇಕಾಗಿಲ್ಲ.

ಹಾಗಿದ್ದೂ ‘ಉಳಿದ ಮಕ್ಕಳ ಪಾಠ ಕೆಡುತ್ತದೆ’ ಎಂಬ ಮಾತು ಶಾಲೆಯ ಬಾಗಿಲಲ್ಲಿ ಕೇಳಿಬರುತ್ತದೆ. ಆಡುವವರು ಯಾರು? ಹಪ್ಪಳ ಕೊಂಡು ಪುಣ್ಯ ಗಳಿಸಿದ ನಾವೇ. ಮೇಷ್ಟರಿಗೆ ತರಬೇತಿಯಿಲ್ಲವೆಂದರೆ ಅದು ನಿಜವಾದ ಕೊರತೆ. ಆಗ ತರಬೇತಿ ಕೊಡಿ, ಜೊತೆಗೊಬ್ಬ ವಿಶೇಷ ಶಿಕ್ಷಕರನ್ನು ಕಳಿಸಿ ಎಂದು ಶಿಕ್ಷಣ ಇಲಾಖೆಯನ್ನು ಕೇಳಬೇಕು. ಮೇಷ್ಟರ ಕೊರತೆಗೆ ಮಗುವನ್ನು ಹೊರಗಟ್ಟುವುದು ಯಾವ ನ್ಯಾಯ?

ಹಪ್ಪಳ ರುಚಿಯಾಗಿದ್ದರೆ ಮತ್ತೆ ಕೊಳ್ಳಿ. ಕೆಟ್ಟಿದ್ದರೆ ಬೇರೆ ಅಂಗಡಿಯಲ್ಲಿ ಹೇಳುವಂತೆಯೇ ಅಲ್ಲೂ ಹೇಳಿ. ಅಂಗಡಿಗೆ ಸಲ್ಲುವ ಮರ್ಯಾದೆ ಅದು. ಮಗುವಿಗೆ ಸಲ್ಲಬೇಕಾದದ್ದು ಬೇರೆ. ಮುಂದಿನ ಪೋಷಕರ ಸಭೆಯಲ್ಲಿ ಎದ್ದು ನಿಂತು, ‘ಆ ಮಗು ನನ್ನ ಮಗನ ಪಕ್ಕದಲ್ಲೇ ಕೂರಲಿ’ ಎನ್ನಿ. ಅದಕ್ಕೆ ಕಾಸು ಖರ್ಚಿಲ್ಲ.